ಮೂರನೇ ವಿಳಾಸ

ನನ್ನ ಕೆಲಸ ಮನೆ ಹುಡುಕುವುದು. ಬೇರೆ ರಾಜ್ಯದ ಯಾವುದೋ ಊರಲ್ಲಿ ಒಂದು ಮಗು ಪೊಲೀಸರಿಗೆ ಸಿಗುತ್ತದೆ. ಕೆಲಸ ಕೊಡಿಸುತ್ತೇನೆಂದೋ ಮದುವೆ ಮಾಡಿಸುತ್ತೇನೆಂದೋ ಯಾರೋ ಅದನ್ನು ಕರೆದೊಯ್ದಿರುತ್ತಾರೆ. ತನ್ನದು ಆಳಂದ, ಅಫಜಲಪುರ ಅಥವಾ ಜೇವರ್ಗಿ ತಾಲೂಕು ಎಂದು ಮಗು ಹೇಳಿದರೆ ಅಲ್ಲಿಯ ಮಕ್ಕಳ ಕಲ್ಯಾಣ ಸಮಿತಿ ನಮ್ಮ ಜಿಲ್ಲಾ ಕಚೇರಿಗೆ ಪತ್ರ ಬರೆಯುತ್ತದೆ. ಆ ಪತ್ರ ನನ್ನ ಮೇಜಿಗೆ ಬರುತ್ತದೆ. ನಾನು ಹೋಗಿ ಮನೆ ನೋಡಿ, ಮನೆಯವರ ಜೊತೆ ಮಾತಾಡಿ, ಮಗುವನ್ನು ಅಲ್ಲಿಗೆ ಕಳಿಸಬಹುದೇ ಇಲ್ಲವೇ ಎಂದು ವರದಿ ಬರೆಯಬೇಕು. ಗುತ್ತಿಗೆಯ ನೌಕರಿ. ಈ ಮೂರೂ ತಾಲೂಕುಗಳಲ್ಲಿ ನಾನು ಬಸ್ಸಿಗೆ ಕಾಯದ ನಿಲ್ದಾಣ ಬಹುಶಃ ಇಲ್ಲ.

ನಾನಿರುವುದು ಅಫಜಲಪುರದಲ್ಲಿ, ಗಂಡ ಮತ್ತು ಅವ್ವನ ಜೊತೆ. ಬೆಳಿಗ್ಗೆ ಅವ್ವ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಾಳೆ. ಚೀಲದಲ್ಲಿ ನೀರಿನ ಬಾಟಲಿ, ವರದಿಯ ಫಾರಂ, ಅದರ ಮೇಲೆ ಯಾವುದೋ ಹಳೆಯ ಸರ್ವೆಯ ನಾಲ್ಕು ಹಾಳೆಗಳು. ಆ ಹಾಳೆಗಳು ನಿಜವಾದ ಕೆಲಸಕ್ಕಲ್ಲ. ಯಾಕೆ ಬಂದಿದ್ದೇನೆ ಎಂಬುದು ಊರಿಗೆ ಗೊತ್ತಾಗಬಾರದು. ಒಮ್ಮೆ ಗೊತ್ತಾದರೆ ಆ ಹುಡುಗಿ ಮರಳಿ ಬಂದರೂ ಊರು ಅವಳನ್ನು ಸಂಶಯದಿಂದಲೇ ನೋಡುತ್ತದೆ. ಹೀಗಾಗಿ ಕೇಳಿದವರಿಗೆಲ್ಲ ಸರ್ವೆ ಎನ್ನುತ್ತೇನೆ. ಸರ್ವೆ ಎಂದರೆ ನಮ್ಮ ಕಡೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ, ದಸರೆ ಮುಗಿದ ಮೇಲೆ, ಪುಣೆಯ ಬಾಲಕಿಯರ ಆಶ್ರಯಧಾಮದಿಂದ ಒಂದು ಪತ್ರ ಬಂತು. ಮರಾಠಿಯಲ್ಲಿತ್ತು. ಗಡಿಯ ಊರಲ್ಲಿ ಬೆಳೆದವಳಿಗೆ ಅಷ್ಟು ಮರಾಠಿ ತಾನಾಗಿಯೇ ಬಂದಿರುತ್ತದೆ. ಹದಿನೇಳರ ಹುಡುಗಿ. ಒಂದೂವರೆ ವರ್ಷ ಒಂದು ಫ್ಲ್ಯಾಟಿನಲ್ಲಿ ಮನೆಗೆಲಸಕ್ಕೆ ಇಟ್ಟುಕೊಂಡಿದ್ದರು. ಹೊರಗೆ ಬಿಟ್ಟಿರಲಿಲ್ಲ, ಸಂಬಳ ಕೊಟ್ಟಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವಾಗ ಅವಳನ್ನೂ ತಮ್ಮ ಕೂಸನ್ನೂ ಒಳಗಿಟ್ಟು ಹೊರಗಿನಿಂದ ಕೀಲಿ ಹಾಕುತ್ತಿದ್ದರು. ಕೀಲಿ ಹಾಕಿದ ಮನೆಯೊಳಗೆ ದಿನವೂ ಪಾತ್ರೆ ತೊಳೆಯುವ ಸದ್ದು ಕೇಳಿ ಎದುರು ಮನೆಯ ಅಜ್ಜಿಯೊಬ್ಬರು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದ್ದರು. ಪತ್ರದ ಕೊನೆಯಲ್ಲಿ ಹುಡುಗಿ ಹೇಳಿದ ವಿಳಾಸ ಇತ್ತು: ನರೋಣಾ, ಆಳಂದ ತಾಲೂಕು. ಹುಡುಗಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಿಯಮವೂ ಹಾಗೆಯೇ ಇದೆ, ನನ್ನ ಮನಸ್ಸೂ ಹಾಗೆಯೇ ಇದೆ.

ನರೋಣಾಕ್ಕೆ ಹೋದ ದಿನ ಹೊಲಗಳಲ್ಲಿ ತೊಗರಿ ಹೂ ಬಿಟ್ಟಿತ್ತು. ಮೊದಲು ಶಾಲೆಗೆ ಹೋದೆ. ಮುಖ್ಯಗುರುಗಳು ಒಳ್ಳೆಯವರು. ದಾಖಲಾತಿ ರಿಜಿಸ್ಟರನ್ನು ತಾವೇ ಮೇಜಿನ ಮೇಲಿಟ್ಟು ಒಂದೊಂದೇ ಹಾಳೆ ತಿರುಗಿಸಿದರು. ಆ ಹೆಸರಿನ ಇಬ್ಬರು ಹುಡುಗಿಯರಿದ್ದರು. ಒಬ್ಬಳು ಆಗ ಎದುರಿನ ಕೋಣೆಯಲ್ಲಿಯೇ ಪಾಠ ಕೇಳುತ್ತಿದ್ದಳು. ಇನ್ನೊಬ್ಬಳಿಗೆ ಮದುವೆಯಾಗಿ ಎರಡು ಮಕ್ಕಳು. ಆಮೇಲೆ ಅಂಗನವಾಡಿ, ಪಂಚಾಯ್ತಿ, ಆಶಾ ಕಾರ್ಯಕರ್ತೆಯ ಮನೆ. ಮಧ್ಯಾಹ್ನ ಮೂರಕ್ಕೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದೆ. ಕಚೇರಿಗೆ ಹೋಗಿ ‘ವಿಳಾಸ ಪತ್ತೆಯಾಗಿಲ್ಲ’ ಎಂದು ಬರೆದು ಕಳಿಸಿದೆ. ಹೀಗೆ ಬರೆಯುವುದು ಹೊಸತೇನಲ್ಲ. ಆದರೆ ಹಾಗೆ ಬರೆದ ದಿನ ಏನೋ ಮರೆತು ಬಂದ ಹಾಗೆ ಇರುತ್ತದೆ.

ದೀಪಾವಳಿ ಕಳೆದ ಮೇಲೆ ಎರಡನೇ ಪತ್ರ ಬಂತು. ಹುಡುಗಿ ಈಗ ಚೌಡಾಪುರ ಎನ್ನುತ್ತಿದ್ದಾಳೆ ಎಂದಿತ್ತು.

ಚೌಡಾಪುರ ನನ್ನ ದಾರಿಯಲ್ಲಿಯೇ ಬರುವ ಊರು. ಗಾಣಗಾಪುರಕ್ಕೆ ಹೋಗುವ ಭಕ್ತರು ಇಳಿದು ಬೇರೆ ಗಾಡಿ ಹತ್ತುವ ಜಾಗ. ಹುಣ್ಣಿಮೆಯ ದಿನ ರಸ್ತೆಯ ತುಂಬ ಮಹಾರಾಷ್ಟ್ರದ ಗಾಡಿಗಳು. ಅಲ್ಲಿ ನಾನು ಆಗಾಗ ಚಹಾ ಕುಡಿಯುವ ಒಂದು ಖಾನಾವಳಿ ಇದೆ. ನಡೆಸುವವಳು ಐವತ್ತು ದಾಟಿದ ಹೆಂಗಸು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಊರಿಗೆಲ್ಲ ಮಾತಾಡುತ್ತಾಳೆ. ಅವಳ ಹತ್ತಿರ ಸರ್ವೆಯ ಸುಳ್ಳು ನಡೆಯುವುದಿಲ್ಲ ಎಂದು ಗೊತ್ತಿತ್ತು. ಗಿರಾಕಿಗಳು ಕಡಿಮೆಯಾಗುವ ತನಕ ಕಾದು, ಹತ್ತಿರ ಕುಳಿತು, ಒಂದು ಹುಡುಗಿಯ ವಿಷಯ ಕೇಳಬೇಕಿತ್ತು ಎಂದೆ. ವಯಸ್ಸು ಹೇಳಿದೆ. ಪತ್ರದಲ್ಲಿದ್ದ ಹಾಗೆ, ಎಡ ಹುಬ್ಬಿನ ಮೇಲೆ ಸಣ್ಣ ಗಾಯದ ಕಲೆ ಇದೆ ಎಂದೆ.

ಅವಳ ಕೈ ನಿಂತಿತು.

“ತಾಯಿ ಮಗಳು ಇಬ್ರೂ ಇಲ್ಲೇ ಇದ್ರು ರೀ, ಎರಡ ತಿಂಗಳ. ತಾಯಿ ರೊಟ್ಟಿ ಮಾಡ್ತಿದ್ಳು, ಹುಡುಗಿ ಭಾಂಡಿ ತೊಳೀತಿತ್ತು. ಜೇವರ್ಗಿ ಕಡೀ ಮಂದಿ. ಊರ ಹೆಸರು ಹೇಳಿದ್ಳು, ನೆನಪ ಆಗವಲ್ದು.”

“ಹುಡುಗಿ ಎಲ್ಲಿಗೆ ಹೋದ್ಳು?”

“ಒಬ್ಬಾಕಿ ಬರ್ತಿದ್ಳಲ್ರಿ ಹುಣ್ಣಿಮಿಗೊಮ್ಮೆ, ಪುಣೆದಾಕಿ. ಎಲ್ಲಾರೂ ಆಕಿಗೆ ಮೌಶಿ ಅಂತಿದ್ರು. ಡಾಕ್ಟರ ಮನಿ, ಒಂದ ಕೂಸ ನೋಡ್ಕೊಂಡ ಇರೂದು, ಸಂಜೀಕ ಸಾಲಿಗೆ ಕಳಸ್ತಾರ ಅಂದ್ಳು. ಅಲ್ನೋಡ್ರಿ, ಆ ಮೂಲ್ಯಾಗಿನ ಬಾಕಿನ ಮ್ಯಾಲೇ ಕುಂತು ಮಾತಾಡ್ಯಾಳ. ನಾನೇ ಆಕಿಗೆ ಚಾ ಕೊಟ್ಟೀನಿ.”

ಮೌಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ನಮ್ಮ ಕಡೆಯೂ ಹಾಗೆ ಕರೆಯುವುದುಂಟು. ಆ ಮೌಶಿ ಆಮೇಲೆ ಈ ಕಡೆ ಬಂದಿಲ್ಲ ಎಂದಳು. ನಾನು ನನ್ನ ನಂಬರನ್ನು ಅವಳ ಫೋನಿನಲ್ಲಿ ಹಾಕಿಕೊಟ್ಟು, ಮತ್ತೆ ಕಂಡರೆ ಒಂದು ಫೋನ್ ಮಾಡಬೇಕು, ಜಗಳ ಮಾತ್ರ ಮಾಡಬಾರದು ಎಂದು ಹೇಳಿ ಬಂದೆ.

ಜೇವರ್ಗಿ ಕಡೆಯವರು ಎಂಬುದೊಂದು ತಿಳಿದಿತ್ತು. ಜೇವರ್ಗಿ ತಾಲೂಕು ಸಣ್ಣದೇನಲ್ಲ. ನಾನು ಆಶ್ರಯಧಾಮಕ್ಕೆ ಫೋನ್ ಮಾಡಿ, ಹುಡುಗಿಯ ಜೊತೆ ಮಾತಾಡಬಹುದೇ ಎಂದು ಕೇಳಿದೆ. ಅಲ್ಲಿಯ ಮೇಲ್ವಿಚಾರಕಿ ಒಂದು ದಿನ ತಡಮಾಡಿ ವಿಡಿಯೊ ಕಾಲ್ ಮಾಡಿಸಿದರು. ತೆಳ್ಳಗಿನ ಹುಡುಗಿ, ತಲೆ ಬಗ್ಗಿಸಿ ಕೂತಿದ್ದಳು. ಇಷ್ಟು ದಿನ ಅವಳನ್ನು ಕೇಳಿದವರೆಲ್ಲ ಮರಾಠಿ ಇಲ್ಲವೇ ಹಿಂದಿಯಲ್ಲಿ ಕೇಳಿದವರು.

“ತಂಗಿ, ನಾ ಅಫಜಲಪುರದಾಕಿ. ಉಂಡೀ ಇಲ್ಲ?” ಎಂದೆ.

ತಲೆ ಎತ್ತಿದಳು.

“ಉಂಡೇನ್ರಿ. ನೀವ್ ಪೊಲೀಸರೇನ್ರಿ?”

“ಅಲ್ಲವಾ. ನಾ ಮನಿ ಹುಡುಕಾಕಿ. ನರೋಣಾಕ್ಕೂ ಹೋಗಿ ಬಂದೆ ನೋಡು. ಯಾರೂ ಸಿಗಲಿಲ್ಲ.”

ಮುಖದಲ್ಲಿ ನಾಚಿಕೆ ಬಂದು ಹೋಯಿತು. “ಆ ಊರ ನಂಗ ಗೊತ್ತಿಲ್ರಿ. ಬಸ್ಸಿನ ಬೋರ್ಡಿನ ಮ್ಯಾಲ ಓದಿದ್ದೆ.” ಆಮೇಲೆ ಧ್ವನಿ ತಗ್ಗಿಸಿ ಕೇಳಿದಳು: “ಮನಿ ಸಿಕ್ರ ನಮ್ಮವ್ವನ್ನ ಹಿಡೀತಾರೇನ್ರಿ?”

“ಯಾರ ಹಂಗ ಹೇಳಿದ್ರು?”

“ಮೌಶಿ ಹೇಳ್ಯಾಳ್ರಿ. ನಿಮ್ಮವ್ವೇ ನಿನ್ನ ಕಳಿಸ್ಯಾಳ, ಪೊಲೀಸರಿಗೆ ಗೊತ್ತಾದ್ರ ಮೊದಲ ಆಕಿನ್ನೇ ಒಯ್ತಾರ ಅಂತ.”

ಒಂದೂವರೆ ವರ್ಷ ಕೀಲಿ ಹಾಕಿದ ಮನೆಯಲ್ಲಿದ್ದು ಹೊರಬಂದವಳು, ಮನೆಗೆ ಹೋಗುವ ದಾರಿಯನ್ನು ತಾನೇ ಮುಚ್ಚಿಕೊಂಡು ಕೂತಿದ್ದಳು. ನಾನು ಏನು ಹೇಳಬೇಕಿತ್ತು? ಏನೂ ಆಗುವುದಿಲ್ಲ ಎನ್ನುವುದು ಸುಲಭವಾಗಿತ್ತು. ಆದರೆ ವರದಿಯ ಮೇಲೆ ನಿರ್ಧಾರ ಮಾಡುವವಳು ನಾನಲ್ಲ.

“ನಿಮ್ಮವ್ವ ಮೋಸ ಹೋಗ್ಯಾಳ ಅಂತ ನಂಗ ಅನಸ್ತದ. ಖರೇ, ನಾ ಮಾತ ಕೊಡಾಕ ಬರಂಗಿಲ್ಲ. ನಾ ಹೋಗಿ ಕಂಡದ್ದ ಕಂಡಂಗ ಬರೀತೇನಿ. ಒಂದ ಅಕ್ಷರ ಹೆಚ್ಚಿಲ್ಲ, ಒಂದ ಕಡಿಮಿಲ್ಲ. ಅಷ್ಟ ಹೇಳಬಲ್ಲೆ.”

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಹಳ ಹೊತ್ತು ಕೂತಳು. ಆ ಕಡೆಯ ಮೇಲ್ವಿಚಾರಕಿ ಗಡಿಯಾರ ನೋಡಿಕೊಂಡದ್ದೂ ಕಂಡಿತು. ಕೊನೆಗೆ ಹುಡುಗಿ, “ನಮ್ಮೂರಿಗೆ ಜೇವರ್ಗಿಯಿಂದ ದಿನಕ್ಕ ಮೂರೇ ಬಸ್ ಅದಾವ್ರಿ. ಮುಂಜಾನಿದ್ದೇ ಹಿಡೀರಿ” ಎಂದು ಭೀಮಾ ದಂಡೆಯ ಒಂದು ಹಳ್ಳಿಯ ಹೆಸರು ಹೇಳಿದಳು.

ಮುಂಜಾನೆಯ ಬಸ್ಸನ್ನೇ ಹಿಡಿದೆ. ಡಿಸೆಂಬರಿನ ಚಳಿ. ಹತ್ತಿ ಬಿಡಿಸುವ ಕಾಲವಾದ್ದರಿಂದ ಓಣಿಯಲ್ಲಿ ಮುದುಕಿಯರನ್ನು ಬಿಟ್ಟರೆ ಯಾರೂ ಇರಲಿಲ್ಲ. ಕೇಳುತ್ತ ಕೇಳುತ್ತ ಹೊಲಕ್ಕೇ ಹೋದೆ. ಎಂಟು ಹತ್ತು ಹೆಂಗಸರು ಸಾಲು ಹಿಡಿದು ಹತ್ತಿ ಬಿಡಿಸುತ್ತಿದ್ದರು. ತಾಯಿಯ ಹೆಸರು ಹಿಡಿದು ಕರೆದೆ. ನಲವತ್ತರ ಆಸುಪಾಸಿನ ಒಬ್ಬಳು ತಿರುಗಿದಳು, ಉಡಿಯ ತುಂಬ ಹತ್ತಿ. ನನ್ನ ಚೀಲ ನೋಡಿದಳು, ಚಪ್ಪಲಿ ನೋಡಿದಳು, ಮುಖ ನೋಡಿದಳು. ನಾನು ಸರ್ವೆ ಎನ್ನುವ ಮೊದಲೇ ಅವಳು ಉಳಿದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ, “ಹೌದ್ರಿ, ರೇಶನ್ ಕಾರ್ಡಿನ ಸಲುವಾಗಿ ಬರ್ತೀನಂದಿದ್ರಿ ನೀವು. ನಡೀರಿ, ಕಾಗದ ಮನ್ಯಾಗ ಅದಾವ” ಎಂದಳು.

ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆ ಎಂದರೆ ತಗಡಿನ ಚಾವಣಿಯ ಎರಡು ಕೋಣೆ. ಗೋಡೆಯ ಮೇಲೆ ಬುದ್ಧನ ಒಂದು ಚಿತ್ರ, ಅದರ ಕೆಳಗೆ ಏಳು ವರ್ಷದ ಹಿಂದೆ ತೀರಿಕೊಂಡ ಗಂಡನ ಫೋಟೊ. ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಉಡಿಯಲ್ಲಿ ಹತ್ತಿ ಇನ್ನೂ ಹಾಗೆಯೇ ಇತ್ತು.

“ಅದಾಳ?” ಎಂದಳು.

“ಅದಾಳ. ಆರಾಮ ಅದಾಳ. ನಾ ಮಾತಾಡೀನಿ.”

ಅಳಲಿಲ್ಲ. ಉಡಿ ಬಿಚ್ಚಿ, ಹತ್ತಿಯನ್ನು ಒಂದು ಬುಟ್ಟಿಗೆ ಸುರಿದು, ನನಗೊಂದು ಚೊಂಬು ನೀರು ತಂದಿಟ್ಟಳು. ಆಮೇಲೆ ಹೇಳತೊಡಗಿದಳು. ನಾನು ಕೇಳಬೇಕಾದ ಪ್ರಶ್ನೆಗಳೆಲ್ಲ ಫಾರಂನಲ್ಲೇ ಉಳಿದವು.

ಮಗಳು ಹತ್ತನೇ ತರಗತಿಯ ಗಣಿತದಲ್ಲಿ ಫೇಲಾಗಿದ್ದಳು. ಆ ಬೇಸಿಗೆ ಇಬ್ಬರೂ ಚೌಡಾಪುರದಲ್ಲಿ ಖಾನಾವಳಿಯ ಕೆಲಸಕ್ಕಿದ್ದರು. ಮೌಶಿಯ ಮಾತು ತಾಯಿಗೆ ಹಿಡಿಸಿತು. ದೊಡ್ಡ ಊರು, ಓದಿದವರ ಮನೆ, ಸಂಜೆ ಶಾಲೆ. “ನಾನೇ ತಲಿ ಹಿಕ್ಕೀನ್ರಿ, ನಾನೇ ಹೊಸಾ ಅಂಗಿ ತೊಡಿಸೀನಿ, ನಾನೇ ಬಸ್ಸಿಗೆ ಹತ್ತಿಸೀನಿ” ಎಂದಳು. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಫೋನ್ ಬಂತು. ಮಾತಾಡುವಾಗ ಪಕ್ಕದಲ್ಲಿ ಯಾರೋ ಇರುತ್ತಿದ್ದರಂತೆ. ಆಮೇಲೆ ನಂಬರು ಬಂದ್ ಆಯಿತು.

“ನೀವು ಎಲ್ಲ್ಯಾರ ಹೋಗಿ ಕೇಳಲಿಲ್ಲ?”

“ಸೊಲ್ಲಾಪುರ ತನಕ ಹೋಗಿದ್ದೆ ರೀ. ಮುಂದ ಯಾವ ಗಾಡಿ ಹತ್ಬೇಕು ತಿಳೀಲಿಲ್ಲ. ಪುಣೆ ಅಂದ್ರ ಪುಣೆದಾಗ ಎಲ್ಲಿ ಅಂತಾರ ಮಂದಿ. ಸ್ಟೇಶನ್ದಾಗ ಸಂಜೀ ತನಕ ಕುಂತು ಹೊಳ್ಳಿ ಬಂದೆ. ಪೊಲೀಸರ ಕಡೆ ಹೋಗಾಕ ಅಂಜಿಕಿ ಬಂತ್ರಿ. ಕಳಿಸ್ದಾಕಿ ನೀನೇ ಅಲ್ಲೇನ ಅಂದ್ರ ಏನ ಹೇಳ್ಲಿ?”

ತಾಯಿಯನ್ನೂ ಮಗಳನ್ನೂ ಒಂದೇ ಹೆದರಿಕೆ ಎರಡು ಊರುಗಳಲ್ಲಿ ಹಿಡಿದಿಟ್ಟಿತ್ತು. ಊರಿಗೆ ಅವಳು ಮಗಳು ಪುಣೆಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ ಎಂದು ಹೇಳಿದ್ದಳು. ಪಂಚಮಿಗೆ ಯಾಕೆ ಬರಲಿಲ್ಲ ಎಂದು ಕೇಳಿದರೆ ಪರೀಕ್ಷೆ ಎನ್ನುವುದು, ಉಗಾದಿಗೆ ಕೇಳಿದರೆ ಮತ್ತೆ ಪರೀಕ್ಷೆ ಎನ್ನುವುದು. ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ನಗುತ್ತಲೇ ಅಳತೊಡಗಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ. ನಮ್ಮ ತರಬೇತಿಗಳಲ್ಲಿ ಹೀಗೆ ಮಾಡಬೇಕು ಎಂದೂ ಹೇಳಿಲ್ಲ, ಮಾಡಬಾರದು ಎಂದೂ ಹೇಳಿಲ್ಲ.

ಫಾರಂನ ನಾಲ್ಕನೇ ಪುಟದಲ್ಲಿ ಒಂದು ಪ್ರಶ್ನೆ ಇದೆ. ಮಗುವನ್ನು ಕಳಿಸುವುದರಲ್ಲಿ ಕುಟುಂಬದವರ ಪಾತ್ರವಿದೆಯೇ? ಮುಂದೆ ಎರಡು ಚೌಕಗಳು: ಹೌದು, ಇಲ್ಲ. ಅದರ ಕೆಳಗೆ, ಮಗುವನ್ನು ಈ ಕುಟುಂಬಕ್ಕೆ ಒಪ್ಪಿಸಬಹುದೇ? ಅಲ್ಲಿಯೂ ಎರಡು ಚೌಕಗಳು. ಮೊದಲನೆಯದಕ್ಕೆ ಹೌದು ಎಂದರೆ ಎರಡನೆಯದಕ್ಕೆ ಇಲ್ಲ ಎನ್ನಬೇಕೆಂದು ಯಾರೂ ಬರೆದಿಟ್ಟಿಲ್ಲ. ಆದರೂ ಎಲ್ಲರೂ ಹಾಗೆಯೇ ಬರೆಯುತ್ತಾರೆ. ನಾನೂ ಹಿಂದೆ ಹಾಗೆಯೇ ಬರೆದಿದ್ದೇನೆ.

ಅಂದು ಸಂಜೆ ಮನೆಗೆ ಬಂದಾಗ ಅವ್ವ ಪುಂಡಿಪಲ್ಯ ಸೋಸುತ್ತಿದ್ದಳು. ಕೆಲಸದ ವಿಷಯವನ್ನು ನಾನು ಮನೆಯಲ್ಲಿ ಮಾತಾಡುವುದಿಲ್ಲ. ಅಂದು ಯಾಕೋ, ಊರು ಹೆಸರು ಹೇಳದೆ, ಇಷ್ಟನ್ನು ಹೇಳಿದೆ. ಒಬ್ಬ ತಾಯಿ, ತಾನೇ ಬಸ್ಸಿಗೆ ಹತ್ತಿಸಿ ಕಳಿಸಿದವಳು, ಅವಳಿಗೆ ಮಗಳನ್ನು ತಿರುಗಿ ಕೊಡಬಹುದೇ?

ಅವ್ವ ಸೊಪ್ಪು ಸೋಸುವುದನ್ನು ಬಿಡಲಿಲ್ಲ. “ನಿಮ್ಮಕ್ಕನ್ನೂ ನಾ ಕಳಸಾಕಿದ್ದೆ” ಎಂದಳು.

ನನಗೆ ಗೊತ್ತಿರದ ವಿಷಯ. ಅಕ್ಕನಿಗೆ ಆಗ ಹದಿಮೂರು, ನನಗೆ ಆರು. ಓಣಿಗೆ ಬಳೆ ಮಾರಲು ಬರುತ್ತಿದ್ದವಳು ಸೊಲ್ಲಾಪುರದಲ್ಲಿ ಒಳ್ಳೆಯ ಮನೆ ಇದೆ, ಹುಡುಗಿಯನ್ನು ಮಗಳ ಹಾಗೆ ನೋಡಿಕೊಳ್ಳುತ್ತಾರೆ ಎಂದಿದ್ದಳಂತೆ. ಅಪ್ಪನೂ ಒಪ್ಪಿದ್ದ. ಬಟ್ಟೆಯ ಗಂಟು ಕಟ್ಟಿಯಾಗಿತ್ತು.

“ಮುಂಜಾನಿ ಹತ್ತಕ್ಕ ಬಸ್ ಇತ್ತು. ಎದ್ದು ನೋಡಿದ್ರ ನಿಮ್ಮಕ್ಕನ ಮೈ ಕೆಂಡ. ಜ್ವರ ಇಳಿಯೂದ್ರಾಗ ವಾರ ಹೋತು. ಆಕಿ ಬಳೆಗಾರ್ತಿ ಬ್ಯಾರೆ ಹುಡುಗಿನ್ನ ಕರಕೊಂಡ ಹ್ವಾದ್ಳು.”

“ಆ ಹುಡುಗಿ?”

“ಗೊತ್ತಿಲ್ಲವಾ. ನಾ ಯಾರನ್ನೂ ಕೇಳಲಿಲ್ಲ.”

ನನ್ನ ಅಕ್ಕ ಈಗ ಆಳಂದದಲ್ಲಿ ನರ್ಸ್. ಮೂವತ್ತು ವರ್ಷಗಳಲ್ಲಿ ನಾವ್ಯಾರೂ ಅವ್ವನನ್ನು ಒಳ್ಳೆಯ ತಾಯಿ ಅಲ್ಲ ಎಂದು ಅಂದುಕೊಂಡಿದ್ದಿಲ್ಲ. ಅವ್ವ ಸೋಸಿದ ಸೊಪ್ಪನ್ನು ತೊಳೆಯಲು ಎದ್ದು ಹೋದಳು. ಮರುದಿನ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವಳಿಗೆ ಎಲ್ಲ ನೆನಪಿತ್ತು. “ಜ್ವರಾ ಖರೇನೇ ಬಂದಿತ್ತು, ನಾಟಕಲ್ಲ. ಅಂಜಿಕಿಗೇ ಬಂದಿರಬೇಕು” ಎಂದಳು. ಆಮೇಲೆ, ವಾರ್ಡಿನಲ್ಲಿ ಯಾರೋ ಕರೆಯುತ್ತಿದ್ದಾರೆ ಎಂದು ಫೋನ್ ಇಟ್ಟಳು.

ವರದಿ ಬರೆಯಲು ನನಗೆ ಮೂರು ದಿನ ಹಿಡಿಯಿತು. ಮೊದಲ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದೆ. ಎರಡನೆಯದಕ್ಕೂ ಹೌದು ಎಂದೇ ಹಾಕಿದೆ. ಒಂದು ಹಾಳೆ ಬೇರೆಯಾಗಿ ಬರೆದು ಜೋಡಿಸಿದೆ. ತಾಯಿ ಕಳಿಸಿದ್ದು ನಿಜ, ಮೋಸಹೋದದ್ದೂ ನಿಜ, ಮಗಳನ್ನು ಹುಡುಕಲು ಹೋಗಿದ್ದಳು, ದಾರಿ ಗೊತ್ತಿರಲಿಲ್ಲ. ಹುಡುಗಿ ಸುಳ್ಳು ವಿಳಾಸ ಕೊಟ್ಟದ್ದು ತಾಯಿಯನ್ನು ಉಳಿಸಲಿಕ್ಕೆ. ನಮ್ಮ ಅಧಿಕಾರಿ ನಿವೃತ್ತಿಗೆ ಹತ್ತಿರವಿದ್ದವರು, ಸಾವಕಾಶದ ಮನುಷ್ಯ. ಎರಡು ಸಲ ಓದಿ ಕನ್ನಡಕ ತೆಗೆದರು.

“ಎರಡಕ್ಕೂ ಹೌದು ಅಂದ್ರ ಪುಣೆ ಸಮಿತಿಯವ್ರು ವರದಿ ವಾಪಸ್ ಕಳಸ್ತಾರಮ್ಮ.”

“ಕಳಸ್ಲಿ ಸರ್. ಕಂಡದ್ದ ಬರ್ದೀನಿ.”

“ಕಂಡದ್ದೇನೋ ಬರ್ದಿ. ನಾಳೆ ಆಕಿ ಮತ್ತ ಕಳಿಸಿದ್ರ?”

ಕಳಿಸುವುದಿಲ್ಲ ಎಂದು ನಾನು ಮಾತು ಕೊಡಲಾರೆ ಎಂದೆ. ಅವರು, ತಾಯಿಯನ್ನು ನಮ್ಮ ಜಿಲ್ಲೆಯ ಸಮಿತಿಯ ಮುಂದೆ ಕರೆಸಿ ಕೇಳೋಣ ಎಂದು ಟಿಪ್ಪಣಿ ಬರೆದು ಸಹಿ ಹಾಕಿದರು.

ಸಮಿತಿಯ ಮುಂದೆ ತಾಯಿ ಬಂದ ದಿನ ನಾನೂ ಇದ್ದೆ. ಉದ್ದನೆಯ ಮೇಜಿನ ಆ ಕಡೆ ಐದು ಜನ. ಅಧ್ಯಕ್ಷೆ ಸಮಾಧಾನದಿಂದಲೇ ಕೇಳಿದರು: “ನಿಮ್ಮ ಮಗಳಿಗೆ ಹೋಗುವ ಮನಸ್ಸಿತ್ತೇ?”

ತಾಯಿ ನನ್ನ ಕಡೆ ತಿರುಗಿ ನೋಡಿದಳು.

“ಇದ್ದಿಲ್ರಿ” ಎಂದಳು. “ಎರಡ ದಿನ ಉಣಲಿಲ್ಲ. ಹ್ವಾದ ಮ್ಯಾಲ ಹೊಂದ್ಕೋತಾಳ ಅಂತ ನಾನೇ ಜೋರ ಮಾಡಿ ಕಳಿಸೀನಿ. ಇದನ್ನ ಈ ಬಾಯಾರ ಮುಂದೂ ಹೇಳಿದ್ದಿಲ್ರಿ.”

ನನ್ನ ವರದಿಯಲ್ಲಿ ಇಲ್ಲದ ಮಾತು. ಇನ್ನು ಮಗಳನ್ನು ಕೊಡುವುದಿಲ್ಲ ಎಂದುಕೊಂಡೆ. ಆದರೆ ಅಧ್ಯಕ್ಷೆ ಪೆನ್ನು ಕೆಳಗಿಟ್ಟು, “ಇಲ್ಲಿ ಬಂದು ಇಷ್ಟು ಖರೇ ಹೇಳಿದವರು ಕಡಿಮೆ” ಎಂದರು. ಹುಡುಗಿ ಮೊದಲು ಜಿಲ್ಲೆಗೆ ಬರಲಿ, ಎಲ್ಲಿರಬೇಕು ಎಂಬುದನ್ನು ಅವಳೇ ಹೇಳಲಿ ಎಂದು ತೀರ್ಮಾನವಾಯಿತು.

ಅವಳನ್ನು ಕರೆತರಲು ಪುಣೆಗೆ ನಾನು ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಹೋದೆವು. ಬರುವಾಗ ಹಗಲಿನ ಗಾಡಿ. ಹುಡುಗಿ ಕಿಟಕಿಯ ಹತ್ತಿರ ಕೂತಳು. ಸೊಲ್ಲಾಪುರ ದಾಟುವ ತನಕ ಮಾತಾಡಲಿಲ್ಲ. ದುಧನಿಯಲ್ಲಿ ಶೇಂಗಾ ಮಾರುವವನು ಕನ್ನಡದಲ್ಲಿ ಕೂಗುತ್ತ ಬಂದಾಗ ತಟ್ಟನೆ ತಿರುಗಿ ನೋಡಿದಳು. ಅಲ್ಲಿಂದ ಮುಂದೆ ಸ್ವಲ್ಪ ಸ್ವಲ್ಪವೇ ಮಾತಾಡಿದಳು. ಹನ್ನೊಂದನೇ ಮಹಡಿಯ ಮನೆ. ಅಲ್ಲಿಂದ ನೋಡಿದರೆ ಕೆಳಗಿನ ಜನರ ಮುಖ ಕಾಣುತ್ತಿರಲಿಲ್ಲ. ಲಿಫ್ಟಿನ ಸದ್ದಿನಿಂದಲೇ ಯಾರು ಬಂದರು ಎಂದು ತಿಳಿಯುತ್ತಿತ್ತು. ಅವಳು ನೋಡಿಕೊಳ್ಳುತ್ತಿದ್ದ ಕೂಸು ಅವಳಿಂದ ಕನ್ನಡದ ನಾಲ್ಕು ಮಾತು ಕಲಿತಿತ್ತಂತೆ. ತಾಯಿ ತಂದೆಯ ಮುಂದೆ ಒಂದು ದಿನ ‘ನೀರ ಬೇಕು’ ಎಂದಿತಂತೆ. ಅಂದು ಅವಳಿಗೆ ಹೊಡೆತ ಬಿದ್ದಿತ್ತು.

“ಆ ಕೂಸು ಹ್ಯಾಂಗದನೋ” ಎಂದಳು. ಕಾನ್‌ಸ್ಟೆಬಲ್ ಹೊರಗೆ ನೋಡುವ ಹಾಗೆ ಮುಖ ತಿರುಗಿಸಿದಳು.

ತಾಯಿ ಸಮಿತಿಯ ಕಚೇರಿಯಲ್ಲಿ ಬೆಳಿಗ್ಗೆಯಿಂದ ಕಾದಿದ್ದಳು. ಯಾರೂ ಓಡಿಬಂದು ತಬ್ಬಿಕೊಳ್ಳಲಿಲ್ಲ. ತಾಯಿ ಎದ್ದು ನಿಂತಳು. ಮಗಳು ಬಾಗಿಲಲ್ಲೇ ನಿಂತಳು.

“ಸೊರಗೀ” ಎಂದಳು ತಾಯಿ.

ಮಗಳು ಅಧ್ಯಕ್ಷೆಯ ಮುಂದೆ ಹೋಗಿ ಕೂತಳು. ಎಲ್ಲಿರುತ್ತೀ ಎಂದು ಅಧ್ಯಕ್ಷೆ ಕೇಳಿದಾಗ ಊರು ಬೇಡ, ಜೇವರ್ಗಿಯ ಹಾಸ್ಟೆಲಿನಲ್ಲಿ ಇದ್ದು ಗಣಿತ ಕಟ್ಟುತ್ತೇನೆ ಎಂದಳು. ಅವ್ವ ವಾರಕ್ಕೊಮ್ಮೆ ಬರಬಹುದೇ ಎಂದಾಗ, ಬರಲಿ ಎಂದಳು. ತಾಯಿಯ ಮುಖ ನನಗೆ ನೋಡಲಾಗಲಿಲ್ಲ. ಯಾರಿಗಾಗಿ ಎರಡು ಸುಳ್ಳು ವಿಳಾಸ ಹೇಳಿ ಕೂತಿದ್ದಳೋ, ಅವಳ ಮೇಲೆಯೇ ಇಷ್ಟು ಸಿಟ್ಟು. ಎರಡೂ ಒಂದೇ ಹುಡುಗಿಯೊಳಗೆ ಇದ್ದವು.

ಪ್ರತಿ ಭಾನುವಾರ ತಾಯಿ ಹಾಸ್ಟೆಲಿಗೆ ಹೋಗುತ್ತಿದ್ದಳು. ಮಗಳು ಬಂದು ಕೂರುತ್ತಿದ್ದಳು, ತಂದದ್ದನ್ನು ತಿನ್ನುತ್ತಿದ್ದಳು, ಮಾತಿಲ್ಲ. ನಾಲ್ಕು ತಿಂಗಳ ಮೇಲೆ ತಾಯಿ ನನಗೆ ಫೋನ್ ಮಾಡಿದಳು. ಧ್ವನಿ ಬೇರೆಯಾಗಿತ್ತು.

“ಇವತ್ತ ಕೇಳಿದ್ಳು ರೀ, ಯಾಕ ಕಳಿಸ್ದಿ ಅಂತ.”

“ನೀವೇನಂದ್ರಿ?”

“ತಪ್ಪಾತು ಅಂದೆ. ಬ್ಯಾರೆ ಏನ ಹೇಳ್ಲಿ ರೀ? ಒಂದ ತಾಸ ಬೈದ್ಳು. ಬೈದು ಬೈದು ಸಾಕಾಗಿ, ಬಸ್ ಹೋಗ್ತದ ಏಳು ಅಂದ್ಳು.”

ಅದೇ ವರ್ಷ ಶ್ರಾವಣದ ಹುಣ್ಣಿಮೆಯ ದಿನ ಚೌಡಾಪುರದಿಂದ ಫೋನ್ ಬಂತು. ಖಾನಾವಳಿಯವಳು ಪಿಸುಗುಟ್ಟುತ್ತಿದ್ದಳು: “ಬಂದಾಳ್ರಿ. ಅದೇ ಬಾಕಿನ ಮ್ಯಾಲ. ಬ್ಯಾರೆ ಒಬ್ಬಾಕಿ ತಾಯಿ ಮಗಳಿನ್ನ ಕುಂಡ್ರಿಸ್ಕೊಂಡ ಮಾತಾಡಾಕತ್ತಾಳ.” ನಾನು ಪೊಲೀಸರಿಗೆ ಹೇಳಿ ಬಸ್ಸು ಹತ್ತಿದೆ. ಹವಳಗಾದ ಹತ್ತಿರ ರಸ್ತೆಯ ಕೆಲಸ ನಡೆದು ಬಸ್ಸು ಬಹಳ ಹೊತ್ತು ನಿಂತಿತು. ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಪೊಲೀಸರು ಬರುವ ತನಕ ಖಾನಾವಳಿಯವಳು ಮೌಶಿಯನ್ನು ಎದ್ದೇಳಲು ಬಿಟ್ಟಿರಲಿಲ್ಲ. ಬಿಸಿ ರೊಟ್ಟಿಯ ಮೇಲೆ ರೊಟ್ಟಿ ಬಡಿಸುತ್ತ, ಇನ್ನೊಂದು ತಗೋರಿ, ದೂರ ಹೋಗಾಕಿ ಇದ್ದೀರಿ ಎನ್ನುತ್ತ, ಪೂರಾ ಒಂದು ತಾಸು ಕೂರಿಸಿದ್ದಳು. ಆ ಇನ್ನೊಬ್ಬ ತಾಯಿ ಮಗಳ ಕೈ ಹಿಡಿದು ಮೂಲೆಯಲ್ಲಿ ನಿಂತಿದ್ದಳು, ಏನಾಯಿತೆಂದು ತಿಳಿಯದೆ. ಅವರಿಬ್ಬರನ್ನು ಕೂರಿಸಿಕೊಂಡು ತಿಳಿಹೇಳುವುದೇ ಅಂದಿನ ನನ್ನ ಕೆಲಸವಾಯಿತು. ಆ ತಾಯಿ ನನ್ನನ್ನು ನಂಬಲಿಲ್ಲ. ಒಳ್ಳೆಯ ಕೆಲಸ ತಪ್ಪಿಸಿದಿರಿ ಎಂದು ಸಿಟ್ಟಿನಿಂದಲೇ ಊರಿಗೆ ಹೋದಳು. ಹೋದದ್ದು ಊರಿಗೆ ಎಂಬುದೇ ನನಗೆ ಸಾಕಾಗಿತ್ತು.

ನಮ್ಮ ಇಲಾಖೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ನಿಂತು, ಕೈ ಮುಂದೆ ಚಾಚಿ, ಮಾನವ ಕಳ್ಳಸಾಗಣೆ ತಡೆಯುತ್ತೇವೆ ಎಂದು ಪ್ರತಿಜ್ಞೆ ಮಾಡುತ್ತೇವೆ. ದೊಡ್ಡ ಬ್ಯಾನರ್, ಭಾಷಣ, ಉಪ್ಪಿಟ್ಟು. ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಸಹಾಯವಾಣಿ ಇದ್ದದ್ದರಿಂದಲೇ ಪುಣೆಯ ಅಜ್ಜಿ ಫೋನ್ ಮಾಡಿದ್ದು, ಸಮಿತಿ ಇದ್ದದ್ದರಿಂದಲೇ ತಾಯಿಯ ಮಾತು ಕೇಳಲು ಐದು ಜನ ಕೂತದ್ದು. ಆದರೆ ಪ್ರತಿಜ್ಞೆ ಮಾಡುವಾಗ ನನ್ನ ಕಣ್ಣ ಮುಂದೆ ಬರುವುದು ರೊಟ್ಟಿ ಬಡಿಸುತ್ತಿದ್ದ ಆ ಹೆಂಗಸು.

ಮರುವರ್ಷ ಚಳಿಗಾಲದಲ್ಲಿ, ಫ್ಲ್ಯಾಟಿನವರ ಮತ್ತು ಮೌಶಿಯ ಮೇಲಿನ ಮೊಕದ್ದಮೆಯ ಸಾಕ್ಷಿಗೆ ಹುಡುಗಿಯನ್ನು ಕರೆದರು. ವಿಚಾರಣೆ ಪುಣೆಯಲ್ಲಿ. ಅವಳು ಜೇವರ್ಗಿಯ ನ್ಯಾಯಾಲಯದಿಂದಲೇ ವಿಡಿಯೊದಲ್ಲಿ ಹೇಳಿದಳು. ಗಣಿತ ಪಾಸಾಗಿದ್ದಳು, ಹತ್ತೊಂಬತ್ತು ನಡೆಯುತ್ತಿತ್ತು. ಆ ಕಡೆಯ ವಕೀಲರು, ನಿನ್ನ ತಾಯಿಯೇ ಕಳಿಸಿದ್ದಲ್ಲವೇ ಎಂದು ತಿರುತಿರುಗಿ ಕೇಳಿದರು. “ಹೌದು, ಕಳಿಸಿದಳು. ಕೀಲಿ ಹಾಕಿದ್ದು ನಮ್ಮವ್ವ ಅಲ್ಲ” ಎಂದಳು. ತೀರ್ಪು ಇನ್ನೂ ಬಂದಿಲ್ಲ.

ನ್ಯಾಯಾಲಯದ ಎದುರಿನ ಹೋಟೆಲಿನಲ್ಲಿ ಮೂವರೂ ಸುಸಲಾ, ಮಿರ್ಚಿ ಭಜಿ ತಿಂದೆವು. ತಾಯಿ ಮಗಳ ತಟ್ಟೆಗೆ ಇನ್ನೆರಡು ಭಜಿ ಹಾಕಿದಳು. ಮಗಳು ಅವನ್ನು ತೆಗೆದು ತಾಯಿಯ ತಟ್ಟೆಗೆ ಹಾಕಿದಳು. ಆಮೇಲೆ ಜಗಳ ಶುರುವಾಯಿತು. ಹುಡುಗಿಗೆ ಕಲಬುರಗಿಯಲ್ಲಿ ನರ್ಸಿಂಗ್ ಕಲಿಯಬೇಕು. ತಾಯಿಗೆ ಅವಳು ಜೇವರ್ಗಿಯಲ್ಲೇ ಹೊಲಿಗೆ ಕಲಿತು ಕಣ್ಣ ಮುಂದೆ ಇರಬೇಕು.

“ಕಲಬುರ್ಗಿ ಏನ ಪುಣೆ ಅದ ಏನ ಬೇ? ತಾಸಿನ ದಾರಿ.”

“ದಾರಿ ತಾಸಿಂದೇ. ನಂಗ ಬಸ್ ಹತ್ತಿಸಾಕ ಆಗಂಗಿಲ್ಲ, ಅಷ್ಟ.”

“ನೀ ಹತ್ತಿಸ್ಬ್ಯಾಡ. ನಾನೇ ಹತ್ತತೇನಿ.”

“ನೀವರ ಹೇಳ್ರಿ ಬಾಯಾರ” ಎಂದು ತಾಯಿ ನನ್ನ ಕಡೆ ತಿರುಗಿದಳು. ಮಗಳೂ ನನ್ನ ಕಡೆ ನೋಡಿದಳು. ಅಫಜಲಪುರಕ್ಕೆ ಹೋಗುವ ಬಸ್ಸು ಪಕ್ಕದ ನಿಲ್ದಾಣಕ್ಕೆ ಬಂದಿತ್ತು. ಇದು ನಿಮ್ಮಿಬ್ಬರ ಮಾತು, ನಾನು ಬರ್ತೇನಿ ಎಂದು ಎದ್ದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ತಿರುವಿನಲ್ಲಿ ಹೊರಳುವಾಗ ನೋಡಿದರೆ, ಇಬ್ಬರೂ ಹೋಟೆಲಿನ ಹೊರಗೆ ಬಿಸಿಲಲ್ಲಿ ನಿಂತು, ಕೈ ಆಡಿಸುತ್ತ, ಇನ್ನೂ ವಾದಿಸುತ್ತಲೇ ಇದ್ದರು.